ಏನೂ ಮಾಡದ ಹಾಗೆ ಕಾಣುವ ಹುಡುಗಿ

'ದಿ ಅಪಾರ್ಟ್‌ಮೆಂಟ್' ಅನ್ನುವ ಹಳೆಯ ಹಾಲಿವುಡ್ ಸಿನಿಮಾವನ್ನು ಮೊದಲ ಸಲ ನೋಡಿದಾಗ ಅಕ್ಕ ನನ್ನ ಪಕ್ಕದಲ್ಲಿ ಕೂತಿದ್ದಳು. ಸಿನಿಮಾ ಅರ್ಧ ಮುಗಿದಿತ್ತು. "ಹೀರೋ ಪಾಪ ಎದ್ದು ಬಿದ್ದು ಒದ್ದಾಡ್ತಿದ್ದಾನೆ, ಈ ಹುಡುಗಿ ಏನೂ ಮಾಡ್ತಾನೇ ಇಲ್ವಲ್ಲೇ" ಅಂದಳು. ನಾನೂ ಹೂಂ ಅಂದೆ. ನನಗೂ ಆಗ ಹಾಗೇ ಅನ್ನಿಸಿತ್ತು.

ಆಮೇಲೆ ಅದನ್ನು ಐದಾರು ಸಲ ನೋಡಿದ್ದೇನೆ. ಕೊನೆಯ ಎರಡು ಸಲವಂತೂ ಬೇರೆ ಯಾರ ಕಡೆಗೂ ಕಣ್ಣು ಹಾಯಿಸದೆ ಆ ಹುಡುಗಿಯನ್ನೇ ನೋಡಿದೆ. ಅವಳು ಸುಮ್ನೆ ನಿಂತಿರುವಾಗ, ಬೇರೆಯವರ ಮಾತು ಕೇಳಿಸಿಕೊಳ್ಳುವಾಗ, ಲಿಫ್ಟಿನ ಬಾಗಿಲು ಮುಚ್ಚುವಾಗ. ನಗಿಸುತ್ತಲೇ ಪ್ರೀತಿಯ ಕಥೆ ಹೇಳುವ ಸಿನಿಮಾಗಳು ನನಗೆ ಪ್ರಾಣ, ಸಿಕ್ಕಿದ್ದೆಲ್ಲ ನೋಡುತ್ತೇನೆ. ಅವುಗಳಲ್ಲಿ ಇಷ್ಟು ಕಡಿಮೆ ಮಾಡಿ ಇಷ್ಟು ಕೊಟ್ಟ ನಾಯಕಿಯನ್ನು ನಾನು ಇನ್ನೊಬ್ಬರನ್ನು ನೋಡಿಲ್ಲ. ಅದನ್ನು ಸರಿಯಾಗಿ ಬರೆದಿಡಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಕೊನೆಯ ದೃಶ್ಯದವರೆಗೂ ಹೇಳಿಬಿಡುತ್ತೇನೆ, ಹಾಗಾಗಿ ನೋಡದೇ ಇರುವವರು ಮೊದಲು ನೋಡಿ ಬನ್ನಿ.

ನಟಿ ಶರ್ಲಿ ಮೆಕ್ಲೇನ್. ಸಿನಿಮಾ 1960ರದ್ದು, ನಿರ್ದೇಶಕ ಬಿಲ್ಲಿ ವೈಲ್ಡರ್. ಮೆಕ್ಲೇನ್‌ಗೆ ಆಗ 26 ವರ್ಷ. ಕಥೆ ನಡೆಯುವುದು ನ್ಯೂಯಾರ್ಕ್‌ನಲ್ಲಿ. ಒಂದು ದೊಡ್ಡ ವಿಮಾ ಕಂಪನಿಯ 19ನೇ ಮಹಡಿಯಲ್ಲಿ ಸಾಲು ಸಾಲು ಮೇಜುಗಳ ನಡುವೆ ಕೂತು ಲೆಕ್ಕ ಬರೆಯುವ ಬ್ಯಾಕ್ಸ್ಟರ್, ಅಂದರೆ ಜ್ಯಾಕ್ ಲೆಮನ್, ತನ್ನ ಪುಟ್ಟ ಮನೆಯ ಬೀಗದ ಕೈಯನ್ನು ಮೇಲಧಿಕಾರಿಗಳಿಗೆ ಸಂಜೆ ಹೊತ್ತು ಕೊಡುತ್ತಾನೆ. ಅವರು ಹೆಂಡತಿಗೆ ಗೊತ್ತಾಗದ ಹಾಗೆ ಯಾರನ್ನೋ ಕರೆದುಕೊಂಡು ಅಲ್ಲಿಗೆ ಹೋಗುತ್ತಾರೆ. ಇವನು ಹೊರಗೆ ಚಳಿಯಲ್ಲಿ ಕಾಯುತ್ತಾನೆ. ಬದಲಿಗೆ ಬಡ್ತಿ ಸಿಗುತ್ತದೆ. ಅದೇ ಕಟ್ಟಡದಲ್ಲಿ ಲಿಫ್ಟ್ ನಡೆಸುವ ಹುಡುಗಿ ಫ್ರ್ಯಾನ್ ಕ್ಯುಬೆಲಿಕ್ ಅಂದರೆ ಅವನಿಗೆ ಇಷ್ಟ. ಅವಳಿಗೆ ಇಷ್ಟ ಇರುವುದು ಕಂಪನಿಯ ದೊಡ್ಡ ಅಧಿಕಾರಿ ಶೆಲ್ಡ್ರೇಕ್. ಅವನಿಗೆ ಮದುವೆಯಾಗಿದೆ, ಮಕ್ಕಳಿದ್ದಾರೆ. ಅವನು ಅವಳನ್ನು ಕರೆದುಕೊಂಡು ಹೋಗುವುದೂ ಬ್ಯಾಕ್ಸ್ಟರ್‌ನ ಮನೆಗೇ. ಬ್ಯಾಕ್ಸ್ಟರ್‌ಗೆ ಅದು ಗೊತ್ತಿಲ್ಲ. ಇದನ್ನು ಹೀಗೆ ಬರೆದರೆ ನಗುವ ಕಥೆ ಅಂತ ಅನ್ನಿಸುವುದೇ ಇಲ್ಲ. ಆದರೆ ನಗು ಬರುತ್ತದೆ, ನಿಜವಾಗಲೂ ಬರುತ್ತದೆ.

ನಗಿಸುವ ಕೆಲಸವೆಲ್ಲ ಲೆಮನ್‌ದು. ನೆಗಡಿ, ಮೂಗಿಗೆ ಹಾಕುವ ಔಷಧಿ, ಸ್ಪಗೆಟಿ ಬಸಿಯಲು ಟೆನಿಸ್ ರಾಕೆಟ್, ಹೀಗೆ ಅವನ ಕೈಯಲ್ಲಿ ಯಾವಾಗಲೂ ಏನಾದರೂ ಇರುತ್ತದೆ. ಅವನು ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಎದುರಿಗೆ ಇಷ್ಟು ಚುರುಕಾದ ನಟ ಇರುವಾಗ ನಾಯಕಿಯ ಪಾತ್ರ ಮಾಡುವವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ. ಅವನ ವೇಗಕ್ಕೆ ತಾವೂ ಓಡುತ್ತಾರೆ, ಇಲ್ಲದಿದ್ದರೆ ಚೆಂದವಾಗಿ ನಕ್ಕುಕೊಂಡು ಅವನು ಗೆಲ್ಲಬೇಕಾದ ಬಹುಮಾನದ ಹಾಗೆ ನಿಂತುಬಿಡುತ್ತಾರೆ. ಮೆಕ್ಲೇನ್ ಇವೆರಡನ್ನೂ ಮುಟ್ಟಲಿಲ್ಲ. ಬ್ಯಾಕ್ಸ್ಟರ್ ಮಾತಾಡುತ್ತಿರುವಾಗ ಅವಳ ಮನಸ್ಸು ಬೇರೆಲ್ಲೋ ಇದೆ. ಅವನ ಮೇಲೆ ಅವಳಿಗೆ ಕೋಪ ಇಲ್ಲ, ಬೇಜಾರೂ ಇಲ್ಲ, ಅವನು ಒಳ್ಳೆಯವನು ಅಂತಲೂ ಗೊತ್ತು. ಅಷ್ಟೇ. ತನ್ನನ್ನು ಪ್ರೀತಿಸುವವನ ಎದುರಿಗೆ ನಿಂತು ಬೇರೊಬ್ಬನ ಬಗ್ಗೆ ಯೋಚಿಸುತ್ತಿರುವುದನ್ನು, ಅವನಿಗೆ ಗೊತ್ತಾಗದ ಹಾಗೆ ಆದರೆ ನೋಡುವ ನಮಗೆ ಗೊತ್ತಾಗುವ ಹಾಗೆ ಮಾಡುವುದು ಎಷ್ಟು ಕಷ್ಟ ಅಂತ ಯೋಚಿಸಿ.

ಲಿಫ್ಟಿನ ಮೊದಲ ದೃಶ್ಯವನ್ನೇ ತಗೊಳ್ಳಿ. ಸಮವಸ್ತ್ರ, ಗಿಡ್ಡ ಕೂದಲು. ಜನ ತುಂಬಿಕೊಳ್ಳುತ್ತಾರೆ, ಇಳಿಯುತ್ತಾರೆ. ಒಬ್ಬ ಅಧಿಕಾರಿ ಹೊರಗೆ ಹೋಗುತ್ತಾ ಅವಳ ಮೈಗೆ ಕೈ ಹಾಕುತ್ತಾನೆ. ಅವಳು ಮುಖ ಕಿವುಚುವುದಿಲ್ಲ, ಬೆಚ್ಚಿಬೀಳುವುದಿಲ್ಲ. ದಿನಕ್ಕೆ ಹತ್ತು ಸಲ ಹೇಳಿ ಹೇಳಿ ಸವೆದುಹೋದ ಒಂದು ಮಾತು ಹೇಳಿ ಬಾಗಿಲು ಎಳೆಯುತ್ತಾಳೆ. ಆ ಸವೆತ ಇದೆಯಲ್ಲ, ಅದೇ ನಟನೆ. ಈ ಕೆಲಸ ಅವಳಿಗೆ ಹೊಸದಲ್ಲ, ಈ ಗಂಡಸರೂ ಹೊಸಬರಲ್ಲ ಅನ್ನುವುದು ಆ ಅರ್ಧ ನಿಮಿಷದಲ್ಲಿ ತಿಳಿದುಬಿಡುತ್ತದೆ. ಬ್ಯಾಕ್ಸ್ಟರ್ ಮಾತ್ರ ಲಿಫ್ಟಿಗೆ ಬಂದ ಕೂಡಲೇ ಟೋಪಿ ತೆಗೆಯುತ್ತಾನೆ. ಇಲ್ಲಿ ಟೋಪಿ ತೆಗೆಯುವವರು ನೀವೊಬ್ಬರೇ ಅಂತ ಅವಳು ಅವನಿಗೆ ಹೇಳುತ್ತಾಳೆ. ಇನ್ನೊಬ್ಬ ನಟಿಯಾಗಿದ್ದರೆ ಆ ಮಾತಿನ ಜೊತೆಗೆ ಒಂದು ನೋಟ ಸೇರಿಸುತ್ತಿದ್ದರೇನೋ. ಮೆಕ್ಲೇನ್ ಅದನ್ನು ಹವಾಮಾನದ ಬಗ್ಗೆ ಹೇಳಿದ ಹಾಗೆ ಹೇಳುತ್ತಾರೆ. ಬ್ಯಾಕ್ಸ್ಟರ್ ಅದನ್ನೇ ದಿನವಿಡೀ ಹೊತ್ತುಕೊಂಡು ತಿರುಗಬಲ್ಲ, ಅವಳಿಗೆ ಮಾತ್ರ ಅದು ಮುಂದಿನ ಮಹಡಿಗೆ ಮರೆತುಹೋಗುವ ಮಾತು. ಬಡ್ತಿಯ ದಿನ ತನ್ನ ಕೋಟಿನ ಹೂವನ್ನು ತೆಗೆದು ಅವನ ಕೋಟಿಗೆ ಸಿಕ್ಕಿಸುವಾಗಲೂ ಹಾಗೇ. ಆ ಕೈಯಲ್ಲಿ ಸ್ನೇಹ ಇದೆ, ಅದಕ್ಕಿಂತ ಒಂದು ಗುಲಗಂಜಿಯಷ್ಟೂ ಜಾಸ್ತಿ ಇಲ್ಲ.

ಅವಳ ಮನಸ್ಸು ಎಲ್ಲಿದೆ ಅಂತ ತೋರಿಸುವ ದೃಶ್ಯ ಒಂದು ಚೈನೀಸ್ ರೆಸ್ಟೋರೆಂಟಿನಲ್ಲಿದೆ. ಬೇಸಗೆಯಲ್ಲಿ ಹೆಂಡತಿ ಮಕ್ಕಳು ಊರಲ್ಲಿಲ್ಲದಾಗ ಶುರುವಾಗಿ ಅವರು ಬಂದ ಮೇಲೆ ನಿಂತುಹೋದ ಸಂಬಂಧವನ್ನು ಶೆಲ್ಡ್ರೇಕ್ ಮತ್ತೆ ಶುರುಮಾಡಲು ನೋಡುತ್ತಿದ್ದಾನೆ. ಕೂದಲು ಕತ್ತರಿಸಿದ್ದೀಯ, ಉದ್ದ ಇದ್ದರೆ ನನಗಿಷ್ಟ ಅಂತ ನಿನಗೆ ಗೊತ್ತಲ್ಲ ಅನ್ನುತ್ತಾನೆ. ಪರ್ಸಿನಲ್ಲಿ ಇಟ್ಟುಕೊಳ್ಳೋಕೆ ಒಂದು ಎಳೆ ಬೇಕಾ ಅಂತ ಅವಳು ಕೇಳುತ್ತಾಳೆ. ಚುಚ್ಚುವ ಮಾತು ಅದು. ಆದರೆ ಮೆಕ್ಲೇನ್ ಅದನ್ನು ಚುಚ್ಚುವ ಹಾಗೆ ಹೇಳುವುದಿಲ್ಲ. ದನಿ ಸೋತಿದೆ. ಅವಳು ಮೇಜಿಗೆ ಬರುವ ಮೊದಲೇ ಸೋತು ಬಂದಿದ್ದಾಳೆ, ಅವನು ಕರೆದರೆ ಹೋಗಿಬಿಡುತ್ತೇನೆ ಅಂತ ಅವಳಿಗೇ ಗೊತ್ತು, ಆದರೂ ಕೊನೆಯದಾಗಿ ಒಂದು ಕಲ್ಲು ಎಸೆದು ನೋಡುತ್ತಿದ್ದಾಳೆ. ಅದೇ ಹೊತ್ತಿಗೆ ಬ್ಯಾಕ್ಸ್ಟರ್ ಎರಡು ಟಿಕೆಟ್ ಹಿಡಿದುಕೊಂಡು ನಾಟಕದ ಥಿಯೇಟರಿನ ಮುಂದೆ ಅವಳಿಗಾಗಿ ಕಾಯುತ್ತಿದ್ದಾನೆ. ಅವಳು ಹೋಗುವುದಿಲ್ಲ. ಅವಳ ಮೇಲೆ ನಮಗೆ ಸಿಟ್ಟು ಬರಬೇಕಿತ್ತು, ಬರುವುದಿಲ್ಲ.

ಈಗ ಕನ್ನಡಿಯ ದೃಶ್ಯ. ಇದಕ್ಕಾಗಿಯೇ ನಾನು ಬರೆಯಲು ಕೂತಿದ್ದು.

ಆಫೀಸಿನಲ್ಲಿ ಕ್ರಿಸ್‌ಮಸ್ ಪಾರ್ಟಿ. ಶೆಲ್ಡ್ರೇಕ್‌ನ ಸೆಕ್ರೆಟರಿ ಫ್ರ್ಯಾನ್‌ಳನ್ನು ಹಿಡಿದು, ನಿನಗಿಂತ ಮೊದಲು ಯಾರ್ಯಾರು ಇದ್ದರು ಅಂತ ಪಟ್ಟಿ ಒಪ್ಪಿಸುತ್ತಾಳೆ. ಅದರಲ್ಲಿ ತಾನೂ ಇದ್ದೆ ಅನ್ನುತ್ತಾಳೆ. ಇದನ್ನು ಕೇಳಿಸಿಕೊಂಡ ಒಂದೆರಡು ನಿಮಿಷಕ್ಕೆ ಬ್ಯಾಕ್ಸ್ಟರ್ ಅವಳನ್ನು ತನ್ನ ಹೊಸ ಕೋಣೆಗೆ ಎಳೆದುಕೊಂಡು ಹೋಗುತ್ತಾನೆ. ಅವನು ಸ್ವಲ್ಪ ಕುಡಿದಿದ್ದಾನೆ, ಖುಷಿಯಲ್ಲಿದ್ದಾನೆ. ದೊಡ್ಡವರ ಜೊತೆ ತನಗೆ ಎಷ್ಟು ಹತ್ತಿರ ಅಂತ ತೋರಿಸಲು ಶೆಲ್ಡ್ರೇಕ್ ಕುಟುಂಬದ ಶುಭಾಶಯದ ಕಾರ್ಡನ್ನು ಅವಳ ಮುಂದೆ ಹಿಡಿಯುತ್ತಾನೆ. ಹೆಂಡತಿ, ಮಕ್ಕಳು, ನಾಯಿ ಎಲ್ಲರೂ ಇರುವ ಫೋಟೋ. ಅವಳು ನೋಡುತ್ತಾಳೆ. ಚೆನ್ನಾಗಿದೆ ಫೋಟೋ ಅನ್ನುವ ಅರ್ಥದ ಒಂದು ಚಿಕ್ಕ ಮಾತು ಹೇಳುತ್ತಾಳೆ. ಅಷ್ಟೇ. ಕಣ್ಣು ತುಂಬುವುದಿಲ್ಲ, ತುಟಿ ನಡುಗುವುದಿಲ್ಲ. ಆ ಮಾತು ಹೊರಗೆ ಬರುವ ಮುಂಚೆ ಒಂದು ಚೂರು ತಡವಾಗುತ್ತದೆ. ಆ ತಡದಲ್ಲಿ ನನಗೆ ಎದೆ ಹಿಂಡಿದ ಹಾಗಾಗುತ್ತದೆ, ಪ್ರತಿ ಸಲ.

ಬ್ಯಾಕ್ಸ್ಟರ್ ಹೊಸ ಟೋಪಿ ಹಾಕಿಕೊಳ್ಳುತ್ತಾನೆ, ಹೇಗಿದೆ ಅಂತ ಕೇಳುತ್ತಾನೆ. ನೋಡಿಕೊಳ್ಳಿ ಅಂತ ಅವಳು ತನ್ನ ಪೌಡರ್ ಡಬ್ಬಿಯ ಕನ್ನಡಿ ತೆಗೆದುಕೊಡುತ್ತಾಳೆ. ಕನ್ನಡಿ ಒಡೆದಿದೆ. ಆ ಡಬ್ಬಿಯನ್ನು ಅವನು ಮೊದಲೇ ನೋಡಿದ್ದಾನೆ. ಅವನ ಮನೆಯಲ್ಲೇ ಸಿಕ್ಕಿದ್ದು ಅದು, ಯಾರೋ ಹೆಂಗಸು ಬಿಟ್ಟುಹೋಗಿದ್ದು ಅಂತ ಶೆಲ್ಡ್ರೇಕ್‌ಗೆ ಅವನೇ ವಾಪಸ್ ಕೊಟ್ಟಿದ್ದ. ಟೋಪಿ ಹಾಕಿಕೊಂಡ ಅವನ ಮುಖ ಬಿರುಕಿನ ಎರಡೂ ಕಡೆ ಕಾಣುತ್ತದೆ. ಕನ್ನಡಿ ಒಡೆದಿದೆ ಅನ್ನುತ್ತಾನೆ. ಗೊತ್ತು, ನನಗೆ ಹಾಗೇ ಇರೋದು ಇಷ್ಟ, ಒಳಗೆ ಹೇಗನ್ನಿಸುತ್ತೋ ಮುಖನೂ ಹಾಗೇ ಕಾಣುತ್ತೆ ಅಂತ ಅವಳು ಹೇಳುತ್ತಾಳೆ.

ಇದು ಬಹಳ ಹೆಸರಾದ ಮಾತು. ಕಾಗದದ ಮೇಲೆ ಓದಿದರೆ ಸ್ವಲ್ಪ ಅಲಂಕಾರ ಜಾಸ್ತಿ ಆಯ್ತೇನೋ ಅನ್ನಿಸುವಂಥದ್ದು. ಅಳುತ್ತಾ ಹೇಳಿದ್ದರೆ ಕೆಟ್ಟುಹೋಗುತ್ತಿತ್ತು, ಬುದ್ಧಿವಂತಿಕೆಯಿಂದ ಹೇಳಿದ್ದರೂ ಕೆಟ್ಟುಹೋಗುತ್ತಿತ್ತು. ಮೆಕ್ಲೇನ್ ಅದಕ್ಕೆ ಯಾವ ಒತ್ತನ್ನೂ ಕೊಡುವುದಿಲ್ಲ. ಅವನಿಗೆ ಉತ್ತರ ಕೊಡಬೇಕಲ್ಲ ಅಂತ ಕೊಟ್ಟ ಹಾಗಿದೆ. ಆ ಕ್ಷಣದಲ್ಲಿ ಅವನ ಹೃದಯ ಒಡೆದಿದೆ ಅಂತ ಅವಳಿಗೆ ಗೊತ್ತಿಲ್ಲ, ಅವಳದ್ದು ಆಗಲೇ ಒಡೆದಿದೆ ಅಂತ ಅವನಿಗೆ ಈಗಷ್ಟೇ ಅರ್ಧ ಗೊತ್ತಾಗುತ್ತಿದೆ. ಇಬ್ಬರೂ ಒಂದೇ ಮನುಷ್ಯನ ದೆಸೆಯಿಂದ ನೋಯುತ್ತಿದ್ದಾರೆ, ಒಂದೇ ಕೋಣೆಯಲ್ಲಿ, ಒಂದು ಅಂಗೈ ಅಗಲದ ಕನ್ನಡಿ ನಡುವೆ ಹಿಡಿದುಕೊಂಡು. ಹೊರಗೆ ಪಾರ್ಟಿಯ ಗದ್ದಲ.

ಅಂದಹಾಗೆ, ವೈಲ್ಡರ್ ಸೆಟ್ಟಿನಲ್ಲಿ ಡೈಲಾಗ್ ಬದಲಾಯಿಸಲು ಬಿಡುತ್ತಿರಲಿಲ್ಲ. ಅವರೂ ಐ.ಎ.ಎಲ್. ಡೈಮಂಡ್ ಅವರೂ ಸೇರಿ ಬರೆದದ್ದನ್ನು ನಟರು ಅಕ್ಷರ ತಪ್ಪದೆ ಹೇಳಬೇಕಿತ್ತು. ಹಾಗಿದ್ದ ಮೇಲೆ ಮೆಕ್ಲೇನ್ ತಮ್ಮದು ಅಂತ ಏನಾದರೂ ಸೇರಿಸಲು ಜಾಗ ಇದ್ದದ್ದು ಮಾತುಗಳ ನಡುವೆ ಮಾತ್ರ. ಎಷ್ಟು ಹೊತ್ತು ಸುಮ್ಮನಿರಬೇಕು, ಎಲ್ಲಿ ನೋಡಬೇಕು, ಯಾವ ಮಾತನ್ನು ಬಿಟ್ಟುಕೊಟ್ಟ ಹಾಗೆ ಹೇಳಬೇಕು. ಅಕ್ಕನಿಗೆ "ಏನೂ ಇಲ್ಲ" ಅಂತ ಕಂಡದ್ದು ಆ ಜಾಗವೇ.

ಜೋರಾಗಿ ಮಾಡಲು ಬರುತ್ತಿರಲಿಲ್ಲ ಅಂತ ಖಂಡಿತ ಅಲ್ಲ. 1958ರ 'ಸಮ್ ಕೇಮ್ ರನ್ನಿಂಗ್'ನಲ್ಲಿ ಅವರದು ಬಾಯಿಬಡುಕಿ ಹುಡುಗಿಯ ಪಾತ್ರ, ಎಲ್ಲವನ್ನೂ ಹೊರಗೆ ಚೆಲ್ಲುವಂಥದ್ದು. ಅದಕ್ಕೆ ಆಸ್ಕರ್ ನಾಮನಿರ್ದೇಶನವೂ ಸಿಕ್ಕಿತ್ತು. 1963ರಲ್ಲಿ ಇದೇ ವೈಲ್ಡರ್, ಇದೇ ಲೆಮನ್ ಜೊತೆ 'ಇರ್ಮಾ ಲ ಡೂಸ್' ಮಾಡಿದಾಗಲೂ ಬಣ್ಣ, ದನಿ ಎಲ್ಲ ಧಾರಾಳ. ಹಾಗಾಗಿ 'ದಿ ಅಪಾರ್ಟ್‌ಮೆಂಟ್'ನ ಮೌನ ಅವರು ಬೇಕು ಅಂತಲೇ ಆರಿಸಿಕೊಂಡದ್ದು.

ಕ್ರಿಸ್‌ಮಸ್ ಹಿಂದಿನ ರಾತ್ರಿಯ ಬಗ್ಗೆ ಜಾಸ್ತಿ ಬರೆಯಲು ಮನಸ್ಸಿಲ್ಲ. ಆದರೆ ಒಂದು ವಿಷಯ ಹೇಳಲೇಬೇಕು. ಬ್ಯಾಕ್ಸ್ಟರ್‌ನ ಮನೆಯಲ್ಲಿ ಶೆಲ್ಡ್ರೇಕ್ ಮತ್ತು ಫ್ರ್ಯಾನ್. ಅವಳು ಅವನಿಗೆ ಅಂತ ಒಂದು ಗ್ರಾಮಫೋನ್ ರೆಕಾರ್ಡ್ ತಂದಿದ್ದಾಳೆ. ಅವನು ಏನೂ ತಂದಿಲ್ಲ, ನೀನೇ ಏನಾದರೂ ಕೊಂಡ್ಕೋ ಅಂತ ನೂರು ಡಾಲರ್ ನೋಟು ಕೊಡುತ್ತಾನೆ. ಅವಳು ಎದ್ದು ನಿಂತು ಕೋಟು ಬಿಚ್ಚಲು ಶುರುಮಾಡುತ್ತಾಳೆ. ಏನು ಮಾಡ್ತಿದ್ದೀಯ ಅಂದರೆ, ಹೇಗೂ ದುಡ್ಡು ಕೊಟ್ಟಾಯಿತಲ್ಲ ಅನ್ನುತ್ತಾಳೆ. ದನಿ ಏರುವುದಿಲ್ಲ. ಕಿರುಚಿದ್ದರೆ ಅವನು ಹೇಗೋ ಸಮಾಧಾನ ಮಾಡಿಬಿಡುತ್ತಿದ್ದ, ಅಂಥವರಿಗೆ ಅದು ಅಭ್ಯಾಸ. ಕೋಟಿನ ಮೇಲಿನ ಆ ಕೈಗೆ ಅವನ ಹತ್ತಿರ ಉತ್ತರ ಇಲ್ಲ. ಅವನು ರೈಲು ಹಿಡಿಯಲು ಹೋದ ಮೇಲೆ ಅವಳು ನಿದ್ದೆ ಮಾತ್ರೆ ನುಂಗುತ್ತಾಳೆ. ಬ್ಯಾಕ್ಸ್ಟರ್ ಬಂದು ನೋಡಿ, ಪಕ್ಕದ ಮನೆಯ ಡಾಕ್ಟರನ್ನು ಕರೆದು ಉಳಿಸಿಕೊಳ್ಳುತ್ತಾನೆ.

ಆಮೇಲಿನ ಎರಡು ದಿನ ಅವಳು ಅವನ ಹಾಸಿಗೆಯಲ್ಲಿ ಕೂತಿರುತ್ತಾಳೆ. ಅವನು ಅವಳ ಮನಸ್ಸು ಬೇರೆಡೆಗೆ ತಿರುಗಿಸಲು ಇಸ್ಪೀಟು ತರುತ್ತಾನೆ, ಜಿನ್ ರಮ್ಮಿ ಆಡುತ್ತಾರೆ. ಮೆಕ್ಲೇನ್ ಆ ದಿನಗಳಲ್ಲಿ ನಿಜವಾಗಲೂ ಆ ಆಟ ಕಲಿಯುತ್ತಿದ್ದರಂತೆ, ಅದನ್ನು ನೋಡಿ ವೈಲ್ಡರ್ ಸಿನಿಮಾದೊಳಗೆ ತಂದರಂತೆ. ಆಡುತ್ತಾ ಆಡುತ್ತಾ ತನ್ನ ಹಳೆಯ ಕಥೆಗಳನ್ನು ಅವಳು ಹೇಳುತ್ತಾಳೆ. ಟೈಪಿಂಗ್ ಕೆಲಸಕ್ಕೆ ಬಂದಿದ್ದೆ, ಬೆರಳು ಚುರುಕಾಗಿತ್ತು, ಸ್ಪೆಲಿಂಗ್ ಬರಲಿಲ್ಲ, ಅದಕ್ಕೆ ಬಿಳಿ ಕೈಗವಸು ಕೊಟ್ಟು ಲಿಫ್ಟಿಗೆ ಹಾಕಿದರು ಅನ್ನುತ್ತಾಳೆ. ಪೆಟ್ಟು ತಿಂದ ಕಥೆಗಳೇ ಎಲ್ಲ, ಆದರೆ ಬೇರೆ ಯಾರದ್ದೋ ಸುದ್ದಿಯ ಹಾಗೆ ಹೇಳುತ್ತಾಳೆ. ನಿಮ್ಮಂಥ ಒಳ್ಳೆಯವರನ್ನ ನಾನ್ಯಾಕೆ ಪ್ರೀತಿಸೋಕಾಗಲ್ಲ ಅಂತ ಕೇಳುತ್ತಾಳೆ, ಅವನನ್ನೇ. ಅವನ ಮುಖ ನೋಡಲು ಆಗುವುದಿಲ್ಲ. ಅವಳು ಮಾತ್ರ ಅದನ್ನು ನಿಜವಾಗಲೂ ತಿಳಿದುಕೊಳ್ಳಬೇಕು ಅನ್ನುವ ಹಾಗೆ ಕೇಳುತ್ತಾಳೆ. ಅದರಲ್ಲಿ ಕ್ರೌರ್ಯ ಒಂದಿಷ್ಟೂ ಇಲ್ಲ.

ಇಲ್ಲಿಂದ ಮುಂದಕ್ಕೆ ಒಂದು ದೊಡ್ಡ ತೊಂದರೆ ಇದೆ, ಇಂಥ ಸಿನಿಮಾಗಳು ಬಹಳಷ್ಟು ಸೋಲುವುದು ಅಲ್ಲೇ. ಅವಳು ಯಾವಾಗ ಅವನನ್ನು ಇಷ್ಟಪಡಲು ಶುರುಮಾಡಿದಳು? ಕಥೆ ಮುಗಿಯುವ ಹೊತ್ತಾಯಿತು ಅಂತ ಇಷ್ಟಪಟ್ಟರೆ ನಾವು ನಂಬುವುದಿಲ್ಲ. ಉತ್ತರ ಹೊಸವರ್ಷದ ರಾತ್ರಿಯಲ್ಲಿದೆ. ಅದೇ ಚೈನೀಸ್ ರೆಸ್ಟೋರೆಂಟ್, ಅದೇ ಶೆಲ್ಡ್ರೇಕ್. ಈಗ ಅವನು ಮನೆಯಿಂದ ಹೊರಗೆ ಬಿದ್ದಿದ್ದಾನೆ, ಅವಳಿಗೆ ಬೇಕಾಗಿದ್ದೆಲ್ಲ ಇನ್ನೇನು ಸಿಗುತ್ತದೆ. ಮಾತಿನ ನಡುವೆ ಗೊಣಗುತ್ತಾನೆ: ಬ್ಯಾಕ್ಸ್ಟರ್ ಕೆಲಸ ಬಿಟ್ಟ, ಬೀಗದ ಕೈ ಕೊಡಲಿಲ್ಲ, ಯಾರನ್ನೂ ಕರೆದುಕೊಂಡು ಬರಬೇಡಿ ಅಂದ, ಅದರಲ್ಲೂ ಮಿಸ್ ಕ್ಯುಬೆಲಿಕ್ ಅನ್ನು ಬೇಡವೇ ಬೇಡ ಅಂದ.

ಈ ಭಾಗವನ್ನು ನಾನು ಒಮ್ಮೆ ದನಿ ಪೂರ್ತಿ ತೆಗೆದು ನೋಡಿದೆ. ಹಾಗೆ ನೋಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಅವಳ ಮುಖದ ಮೇಲೆ ನಗು ಥಟ್ಟನೆ ಬರುವುದಿಲ್ಲ. ಮೊದಲು ಕೇಳಿಸಿಕೊಂಡದ್ದು ಸರಿಯಾಗಿದೆಯಾ ಅನ್ನುವ ಹಾಗೆ ಕಣ್ಣು ನಿಲ್ಲುತ್ತದೆ. ಆಮೇಲೆ ನಗುವಿನ ಮೊದಲ ಸುಳಿವು, ಇನ್ನೂ ತುಟಿಗೆ ಬಂದಿರುವುದಿಲ್ಲ. ಶೆಲ್ಡ್ರೇಕ್ ಪಕ್ಕದಲ್ಲೇ ಕೂತಿದ್ದಾನೆ, ಅವನಿಗೆ ಏನೂ ಗೊತ್ತಾಗುತ್ತಿಲ್ಲ. ಬ್ಯಾಕ್ಸ್ಟರ್‌ಗೆ ನಿನ್ನ ಮೇಲೆ ಏನು ಕೋಪ ಅನ್ನುವ ಅರ್ಥದಲ್ಲಿ ಶೆಲ್ಡ್ರೇಕ್ ಕೇಳಿದರೆ, ಬಿಡಿಸಿ ಬರೆದು ತೋರಿಸುತ್ತಿದ್ದೆ, ಆದರೆ ನನಗೆ ಸ್ಪೆಲಿಂಗ್ ಬರಲ್ಲ ಅಂತ ಹೇಳುತ್ತಾಳೆ. ಲಿಫ್ಟಿಗೆ ಹಾಕಿಸಿದ ಅದೇ ಸ್ಪೆಲಿಂಗ್! ಆ ಕಥೆ ಕೇಳಿದ್ದು ಬ್ಯಾಕ್ಸ್ಟರ್, ಈ ಮಾತು ಅರ್ಥವಾಗಬೇಕಾದವನೂ ಅವನೇ, ಅವನೋ ಇಲ್ಲಿಲ್ಲ. ಗಡಿಯಾರ ಹನ್ನೆರಡು ಹೊಡೆಯುತ್ತದೆ, ದೀಪ ಆರುತ್ತದೆ, ಎಲ್ಲರೂ ಹಾಡುತ್ತಾರೆ. ದೀಪ ಬಂದಾಗ ಅವಳ ಕುರ್ಚಿ ಖಾಲಿ.

ಆಮೇಲೆ ಅವಳು ಬೀದಿಯಲ್ಲಿ ಓಡುತ್ತಾಳೆ. ತಲೆ ಸ್ವಲ್ಪ ಹಿಂದಕ್ಕೆ ಬಾಗಿದೆ, ಕೂದಲು ಹಾರುತ್ತಿದೆ. ಇಡೀ ಸಿನಿಮಾದಲ್ಲಿ ಒಂದು ಪೆಟ್ಟಿಗೆಯೊಳಗೆ ನಿಂತು ಮೇಲೆ ಕೆಳಗೆ ಹೋಗುತ್ತಿದ್ದವಳು, ಹಾಸಿಗೆಯಲ್ಲಿ ಕೂತಿದ್ದವಳು, ಹೋಟೆಲಿನ ಮೂಲೆಯಲ್ಲಿ ಕುಗ್ಗಿಕೊಂಡಿದ್ದವಳು, ಈಗ ಮೈ ಪೂರ್ತಿ ಬಿಟ್ಟು ಓಡುತ್ತಿದ್ದಾಳೆ. ಎರಡು ಗಂಟೆ ಕಾಲ ಕೂಡಿಟ್ಟದ್ದನ್ನು ಮೆಕ್ಲೇನ್ ಇಲ್ಲಿ ಒಂದೇ ಸಲ ಖರ್ಚು ಮಾಡುತ್ತಾರೆ. ಮೊದಲಿಂದಲೂ ನಕ್ಕು ಕುಣಿದುಕೊಂಡಿದ್ದಿದ್ದರೆ ಈ ಓಟಕ್ಕೆ ಏನು ಬೆಲೆ ಇರುತ್ತಿತ್ತು?

ಬಹುಮಾನಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಸಿನಿಮಾಕ್ಕೆ ಹತ್ತು ಆಸ್ಕರ್ ನಾಮನಿರ್ದೇಶನ ಬಂದವು, ಅತ್ಯುತ್ತಮ ಚಿತ್ರವೂ ಸೇರಿ ಐದು ಬಹುಮಾನ ಸಿಕ್ಕವು. ಮೆಕ್ಲೇನ್‌ಗೆ ಸಿಗಲಿಲ್ಲ, ಆ ವರ್ಷದ ನಟಿ ಪ್ರಶಸ್ತಿ ಎಲಿಜಬೆತ್ ಟೇಲರ್‌ಗೆ ಹೋಯಿತು. ವೆನಿಸ್ ಚಿತ್ರೋತ್ಸವ ಮಾತ್ರ ಇವರನ್ನೇ ಅತ್ಯುತ್ತಮ ನಟಿ ಅಂತ ಆರಿಸಿತು. ಆಸ್ಕರ್ ಅವರ ಕೈಗೆ ಬಂದದ್ದು 1983ರ 'ಟರ್ಮ್ಸ್ ಆಫ್ ಎಂಡಿಯರ್‌ಮೆಂಟ್'ಗೆ, ಅದು ದೊಡ್ಡ ದನಿಯ ಪಾತ್ರ. ನನಗೆ ಇದರಿಂದ ಈಗಲೂ ಬೇಸರವಾಗುತ್ತದೆ.

ಕಳೆದ ತಿಂಗಳು ಅಕ್ಕನನ್ನು ಮತ್ತೆ ಕೂರಿಸಿಕೊಂಡೆ. ಏನೂ ಹೇಳಲಿಲ್ಲ, ಅವಳನ್ನು ನೋಡು ಅಂತ ಕೂಡ ಹೇಳಲಿಲ್ಲ. ಕನ್ನಡಿಯ ದೃಶ್ಯ ಮುಗಿದಾಗ ಅಕ್ಕ ಕೈ ಚಾಚಿ ತಾನೇ ಸಿನಿಮಾ ನಿಲ್ಲಿಸಿದಳು. "ಸ್ವಲ್ಪ ಹಿಂದಕ್ಕೆ ಹಾಕೇ, ಆ ಕಾರ್ಡ್ ತೋರಿಸ್ತಾನಲ್ಲ, ಅಲ್ಲಿಂದ" ಅಂದಳು. ಹಾಕಿದೆ. ಮೂರು ಸಲ ನೋಡಿದೆವು.

ಕೊನೆಯ ದೃಶ್ಯಕ್ಕೆ ಬರುತ್ತೇನೆ. ಅವಳು ಮೆಟ್ಟಿಲು ಹತ್ತಿ ಬರುವಾಗ ಒಳಗಿಂದ ಢಮ್ ಅಂತ ಸದ್ದು. ಹಿಂದೊಮ್ಮೆ ಪ್ರೀತಿಯಲ್ಲಿ ಸೋತು ಪಿಸ್ತೂಲು ಕೈಗೆತ್ತಿಕೊಂಡಿದ್ದೆ ಅಂತ ಅವನು ಹೇಳಿದ್ದ ಕಥೆ ಅವಳಿಗೆ ನೆನಪಾಗುತ್ತದೆ, ಬಾಗಿಲು ಬಡಿಯುತ್ತಾಳೆ. ಅವನು ಬಾಗಿಲು ತೆರೆದರೆ ಕೈಯಲ್ಲಿ ನೊರೆ ಉಕ್ಕುತ್ತಿರುವ ಶಾಂಪೇನ್ ಬಾಟಲಿ. ಅವಳು ಒಳಗೆ ಬರುತ್ತಾಳೆ, ಸೋಫಾದ ಮೇಲೆ ಕೂರುತ್ತಾಳೆ, ಇಸ್ಪೀಟು ಎಲ್ಲಿ ಅಂತ ವಿಚಾರಿಸುತ್ತಾಳೆ, ಅರ್ಧಕ್ಕೆ ನಿಂತ ಆಟ ಮುಂದುವರಿಸಬೇಕು. ನಿಮ್ಮನ್ನು ಪ್ರೀತಿಸುತ್ತೇನೆ ಮಿಸ್ ಕ್ಯುಬೆಲಿಕ್ ಅಂತ ಅವನು ಹೇಳುತ್ತಾನೆ. ಈಗಲೂ ಮಿಸ್ ಕ್ಯುಬೆಲಿಕ್! ಅವಳು ಎಲೆ ಎತ್ತುತ್ತಾಳೆ. ಕೇಳಿಸ್ತಾ ಮಿಸ್ ಕ್ಯುಬೆಲಿಕ್, ನೀವಂದ್ರೆ ನನಗೆ ಪ್ರಾಣ ಅಂತ ಮತ್ತೆ ಹೇಳುತ್ತಾನೆ. ಅವಳು ನಗುತ್ತಾ ಇಸ್ಪೀಟಿನ ಕಟ್ಟನ್ನು ಅವನ ಕೈಗಿಟ್ಟು, ಮಾತು ಸಾಕು, ಎಲೆ ಹಾಕಿ ಅನ್ನುತ್ತಾಳೆ.

ಪ್ರೀತಿಸುತ್ತೇನೆ ಅಂತ ಅವಳು ತಿರುಗಿ ಹೇಳುವುದೇ ಇಲ್ಲ. ಕೋಟು ಬಿಚ್ಚುತ್ತಾಳೆ, ಅದೇ ಕೋಣೆಯಲ್ಲಿ, ಈ ಸಲ ಆರಾಮಾಗಿ, ಇಲ್ಲೇ ಇರುತ್ತೇನೆ ಅನ್ನುವವರ ಹಾಗೆ. ಬಿದ್ದ ಎಲೆಗಳನ್ನು ಒಂದೊಂದಾಗಿ ಎತ್ತಿ ಜೋಡಿಸಿಕೊಳ್ಳುತ್ತಾಳೆ. ಅವನು ಅವಳ ಮೇಲಿಂದ ಕಣ್ಣು ತೆಗೆಯದೆ ಎಲೆ ಹಾಕುತ್ತಾ ಹೋಗುತ್ತಾನೆ, ಹಾಕುತ್ತಲೇ ಇರುತ್ತಾನೆ.